ಬಸ್ಸು ಎನ್ನುವವರಿಗೆ ‘ಬಸು’ ಹೊಸದಲ್ಲ

ಸಂಪಾದಕರಿಗೆ ನಮಸ್ಕಾರ.

ವಿದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸದ ಬಗ್ಗೆ ನಿಮ್ಮ ಶಿಕ್ಷಣ ಪುಟದಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿದ್ದ ಒಂದು ಸಲಹೆ ಮಾತ್ರ ಎರಡು ದಿನದಿಂದ ತಲೆ ಕೊರೆಯುತ್ತಿದೆ. ಹೊರಡುವ ಮೊದಲು ಮಾತೃಭಾಷೆಯ ವಾಸನೆ ಪೂರ್ತಿ ಹೋಗುವ ಹಾಗೆ ಉಚ್ಚಾರ ತಿದ್ದಿಕೊಳ್ಳಿ ಎಂದು ಬರೆದಿದ್ದೀರಿ. ಜಪಾನಿನ ನೀಗಾತಾ ಪ್ರಾಂತ್ಯದ ಶಾಲೆಗಳಲ್ಲಿ ಮೂರು ವರ್ಷ ಇಂಗ್ಲಿಷ್ ಕಲಿಸಿ ಬಂದವಳು ನಾನು. ಹೋಗುವಾಗ ನಾನೂ ಇದನ್ನೇ ನಂಬಿದ್ದೆ. ಕನ್ನಡಿ ಮುಂದೆ ನಿಂತು ‘ವಾಟರ್’ ಎಂಬ ಒಂದು ಪದವನ್ನು ಹತ್ತು ಥರ ಹೇಳಿ ನೋಡಿದ್ದೆ. ಅಲ್ಲಿ ಹೋದ ಮೇಲೆ ಆ ವಾಟರ್ ಕೆಲಸಕ್ಕೆ ಬಂದದ್ದು ಕಡಿಮೆ. ಕೈ ಹಿಡಿದದ್ದು ಕನ್ನಡ. ಇದನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಅಲ್ಲಿ ನಮ್ಮನ್ನು ಎಎಲ್‌ಟಿ ಅನ್ನುತ್ತಾರೆ, ಅಂದರೆ ಸಹಾಯಕ ಭಾಷಾ ಶಿಕ್ಷಕರು. ಪಾಠದ ಯಜಮಾನಿಕೆ ಜಪಾನಿ ಟೀಚರದ್ದೇ, ನಾವು ಪಕ್ಕದಲ್ಲಿ ನಿಂತು ಓದಿ ಹೇಳುವವರು, ಆಟ ಆಡಿಸುವವರು. ಈ ವ್ಯವಸ್ಥೆ ಹಳೆಯದು. ವಿದೇಶದವರನ್ನು ಶಾಲೆಗಳಿಗೆ ಕರೆಸಿಕೊಳ್ಳಲು ಸರ್ಕಾರವೇ ನಡೆಸುವ ಜೆಟ್ ಕಾರ್ಯಕ್ರಮ ಶುರುವಾದದ್ದು 1987ರಲ್ಲಿ. 2020ರಿಂದ ಐದು ಮತ್ತು ಆರನೇ ಕ್ಲಾಸಿಗೂ ಇಂಗ್ಲಿಷ್ ಒಂದು ವಿಷಯವೇ ಆಗಿದೆ, ಹಾಗಾಗಿ ಪ್ರೈಮರಿ ಶಾಲೆಗಳಲ್ಲೂ ಕೆಲಸ ಇದೆ. ಜೆಟ್ ಮೂಲಕ ಭಾರತದಿಂದ ಹೋಗುವವರು ಕಡಿಮೆ. ಉಳಿದವರನ್ನು ಕಂಪನಿಗಳು ಕರೆಸಿಕೊಂಡು ಶಾಲೆಗಳಿಗೆ ಕಳಿಸುತ್ತವೆ. ನಾನು ಹೋದದ್ದು ಹಾಗೆ.

ಮೊದಲ ದಿನ ಐದನೇ ಕ್ಲಾಸು. ಭಾರತದಿಂದ ಬಂದಿದ್ದೇನೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗ ಎದ್ದು ನಿಂತು ‘17 ಇಂಟು 18 ಎಷ್ಟು’ ಎಂದು ಕೇಳಿದ. ಭಾರತದವರಿಗೆಲ್ಲ 19ರ ಮಗ್ಗಿಯವರೆಗೂ ಬಾಯಿಪಾಠ ಎಂಬ ನಂಬಿಕೆ ಜಪಾನಿನಲ್ಲಿ ಗಟ್ಟಿಯಾಗಿದೆ. ನನಗೋ 13ರ ಮಗ್ಗಿಯೇ ಡೌಟು. ಬೋರ್ಡಿನ ಮೇಲೆ ಬರೆದು ಗುಣಿಸಿ 306 ಎಂದೆ. ಅವನಿಗೆ ಆದ ನಿರಾಸೆ ನೋಡಬೇಕಿತ್ತು.

ಇನ್ನು ಬಸ್ಸಿನ ಕಥೆ. ಚಿತ್ರದ ಕಾರ್ಡು ತೋರಿಸಿ ಪದ ಹೇಳಿಸುತ್ತಿದ್ದೆವು. ಒಬ್ಬ ಹುಡುಗ ‘ಬಸು’ ಎಂದ. ಜಪಾನಿ ಟೀಚರ್ ನನ್ನ ಕಡೆ ನೋಡಿದರು, ಅಂದರೆ ಸರಿಯಾದ ಉಚ್ಚಾರ ತೋರಿಸಿ ಅಂತ. ನಾನು ‘ಬಸ್’ ಎಂದೆ. ಅವನು ‘ಬಸು’. ಮತ್ತೆ ಬಸ್. ಮತ್ತೆ ಬಸು. ಐದನೇ ಸಲಕ್ಕೆ ಅವನ ಕಿವಿ ಕೆಂಪಾಯಿತು. ಆಗ ನನಗೆ ತಟ್ಟನೆ ಹೊಳೆಯಿತು, ನನ್ನ ಅಜ್ಜಿ ಹೇಳುವುದೂ ‘ಬಸ್ಸು’ ಅಂತಲೇ ಅಲ್ವಾ? ಅಜ್ಜಿ ಯಾಕೆ, ನಾನೂ ಮನೆಯಲ್ಲಿ ಕಾರು, ರೋಡು, ಡೆಸ್ಕು ಅನ್ನುವವಳೇ. ಪದದ ಕೊನೆಯಲ್ಲಿ ವ್ಯಂಜನ ಒಂಟಿಯಾಗಿ ನಿಂತರೆ ನಮ್ಮ ಬಾಯಿ ಅದಕ್ಕೊಂದು ‘ಉ’ ಜೋಡಿಸಿಬಿಡುತ್ತದೆ. ಜಪಾನಿಯಲ್ಲಿ ಇದು ಇನ್ನೂ ಕಟ್ಟುನಿಟ್ಟು. ‘ನ್’ ಒಂದನ್ನು ಬಿಟ್ಟರೆ ಬೇರೆ ಯಾವ ವ್ಯಂಜನವೂ ಪದದ ಕೊನೆಗೆ ಒಂಟಿಯಾಗಿ ನಿಲ್ಲುವುದಿಲ್ಲ. ಹೊರಗಿನ ಭಾಷೆಯ ಪದಗಳನ್ನು ಬರೆಯಲು ಕತಕಾನ ಎಂಬ ಬೇರೆ ಅಕ್ಷರಗಳೇ ಇವೆ, ಅದರಲ್ಲಿ ಬರೆದಾಗ ಡೆಸ್ಕ್ ಹೋಗಿ ‘ದೆಸುಕು’, ಮಿಲ್ಕ್ ಹೋಗಿ ‘ಮಿರುಕು’, ಗ್ಲಾಸ್ ಹೋಗಿ ‘ಗುರಸು’ ಆಗುತ್ತವೆ.

ಬೋರ್ಡಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ‘ಬಸ್ಸು’ ಎಂದು ಬರೆದೆ. ನಮ್ಮ ಮನೆಯಲ್ಲೂ ಹೀಗೇ ಹೇಳುತ್ತೇವೆ ಎಂದು ಓದಿ ತೋರಿಸಿದೆ. ಇಡೀ ಕ್ಲಾಸು ನಕ್ಕಿತು, ಅವನೂ ನಕ್ಕ. ಆಮೇಲೆ ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ ‘ಸ್ಸ್ಸ್’ ಅಂತ ಎಳೆದು ಅಲ್ಲೇ ನಿಲ್ಲಿಸು, ಬಾಯಿ ದುಂಡಗೆ ಮಾಡಬೇಡ ಎಂದೆ. ಎರಡನೇ ಸಲಕ್ಕೇ ಬಂತು. ಪಕ್ಕದ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದ ಅಮೆರಿಕದ ಗೆಳೆಯನಿಗೆ ಇದನ್ನು ಹೇಳಿದರೆ, ಆ ‘ಉ’ ಎಲ್ಲಿಂದ ಬರುತ್ತದೆ ಎಂದು ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆ ಎಂದ. ಪಾಪ, ಅವನ ಉಚ್ಚಾರವನ್ನೇ ಅಲ್ಲವೇ ನಾವೆಲ್ಲ ನಕಲು ಮಾಡಲು ಹೊರಟಿರುವುದು!

ಈ ಮಕ್ಕಳಿಗೆ ‘ಲ’ ಮತ್ತು ‘ರ’ ಬೇರೆ ಬೇರೆ ಅಂತ ಕೇಳಿಸುವುದೇ ಇಲ್ಲವಲ್ಲ ಎಂದು ಅವನು ಒಮ್ಮೆ ಬೇಸರ ಮಾಡಿಕೊಂಡ. ಆಯ್ತು ಎಂದು ಅವನಿಗೆ ‘ಬಲೆ’, ‘ಬಳೆ’ ಎರಡನ್ನೂ ಹೇಳಿದೆ, ಯಾವುದು ಮೀನಿಗೆ, ಯಾವುದು ಕೈಗೆ, ಹೇಳು ನೋಡೋಣ ಎಂದು. ಹತ್ತು ಸಲ ಕೇಳಿದ್ದಕ್ಕೆ ಐದು ಸರಿ, ಅಂದರೆ ನಾಣ್ಯ ಚಿಮ್ಮಿದಷ್ಟೇ. ಆಮೇಲೆ ಅವನು ಮಕ್ಕಳ ಮೇಲೆ ಬೇಸರ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ.

ಭಾಷೆ ಕಲಿಯುವಾಗಲೂ ಇದೇ ಅನುಭವ. ಜಪಾನಿ ಕಷ್ಟ ಎಂದು ಎಲ್ಲರೂ ಹೆದರಿಸುತ್ತಾರೆ. ಬರವಣಿಗೆ ಕಷ್ಟ, ನಿಜ, ಚೀನಾದಿಂದ ಬಂದ ಕಾಂಜಿ ಅಕ್ಷರಗಳು ನನಗೆ ಈಗಲೂ ಅರ್ಧಂಬರ್ಧ. ಆದರೆ ವಾಕ್ಯ? ಕ್ರಿಯಾಪದ ಕೊನೆಗೆ, ಪ್ರತ್ಯಯ ಹೆಸರಾದ ಮೇಲೆ, ಎಲ್ಲ ನಮ್ಮ ಹಾಗೇ. ‘ತಬೆತೆ ಮಿರು’ ಅಂದರೆ ಪದಕ್ಕೆ ಪದ ‘ತಿಂದು ನೋಡು’. ‘ಕೈತೆ ಒಕು’ ಅಂದರೆ ‘ಬರೆದಿಡು’. ತಿನ್ನುವುದನ್ನು ಕಣ್ಣಿನಿಂದ ನೋಡುವುದು ಹೇಗೆ ಎಂದು ಜೊತೆಯವರು ಪುಸ್ತಕ ತಿರುವುತ್ತಿದ್ದಾಗ ನಾನು ಸುಮ್ನೆ ಕಾಫಿ ಕುಡಿಯುತ್ತಿದ್ದೆ. ಅಷ್ಟು ಜಂಬ ಪಟ್ಟ ದಿನ ಅಲ್ಲಿ ಬೇರೆ ಇಲ್ಲ.

ಜಂಬ ಇಳಿದದ್ದು ಸ್ಟಾಫ್ ರೂಮಿನಲ್ಲಿ. ಡಿಸೆಂಬರಿನಲ್ಲಿ ಊರಿಗೆ ಬರಲು ನಾಲ್ಕು ದಿನ ಜಾಸ್ತಿ ರಜೆ ಬೇಕಿತ್ತು. ಉಪ ಮುಖ್ಯೋಪಾಧ್ಯಾಯರ ಮುಂದೆ ನಿಂತು ನನ್ನ ಹರುಕು ಮುರುಕು ಜಪಾನಿಯಲ್ಲಿ ವಿವರಿಸಿದೆ. ಪ್ರತಿ ಮಾತಿಗೂ ಅವರು ತಲೆ ಆಡಿಸುತ್ತ ‘ಹೈ, ಹೈ’ ಎಂದರು. ಹೈ ಅಂದರೆ ಹೌದು ಎಂದು ಪುಸ್ತಕದಲ್ಲಿದೆ. ಟಿಕೆಟ್ ಬುಕ್ ಮಾಡಿದೆ. ಎರಡು ವಾರದ ಮೇಲೆ ಗೊತ್ತಾಯಿತು, ಅವರು ಒಪ್ಪಿರಲಿಲ್ಲ, ಕೇಳಿಸಿಕೊಂಡಿದ್ದರು ಅಷ್ಟೇ. ಹೀಗೆ ನಡುನಡುವೆ ದನಿ ಕೊಡುವುದಕ್ಕೆ ಅವರು ‘ಐಜುಚಿ’ ಅನ್ನುತ್ತಾರೆ. ನನ್ನ ಇಂಗ್ಲಿಷ್ ಪುಸ್ತಕ ಇದನ್ನು ವಿವರಿಸಲು ಅರ್ಧ ಪುಟ ತೆಗೆದುಕೊಂಡಿತ್ತು. ನಮ್ಮಲ್ಲಿ ಒಂದೇ ಪದ: ಹೂಂಗುಟ್ಟುವುದು. ಕಥೆ ಕೇಳುವ ಮಗು ಹೂಂಗುಟ್ಟಿದರೆ ಅದು ಕಥೆಗೆ ಒಪ್ಪಿಗೆ ಕೊಟ್ಟಂತೆ ಆಗುತ್ತದೆಯೇ? ಇದು ಗೊತ್ತಿದ್ದೂ ಮೋಸ ಹೋದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಹಾಗೆಯೇ ಅವರು ‘ಚೊತ್ತೊ...’ ಎಂದು ಎಳೆದು ಮಾತು ನಿಲ್ಲಿಸಿದರೆ ಅದು ನಮ್ಮ ‘ನೋಡೋಣ’ ಇದ್ದ ಹಾಗೆ. ಮದುವೆ ಮನೆಯಲ್ಲಿ ಸಾಲ ಕೇಳಿದವರಿಗೆ ‘ನೋಡೋಣ’ ಅಂದರೆ ಏನರ್ಥ ಅಂತ ನಮಗೆ ಯಾರಾದರೂ ಕಲಿಸಬೇಕೇ?

ಎಲ್ಲದಕ್ಕೂ ಕನ್ನಡ ಔಷಧಿ ಎಂದು ನಾನು ಹೇಳುತ್ತಿಲ್ಲ. ನೀಗಾತಾದ ಹಿಮ ಯಾವ ಭಾಷೆಗೂ ಬಗ್ಗುವುದಿಲ್ಲ. ಜನವರಿಯಲ್ಲಿ ಸಂಜೆ ಐದಕ್ಕೇ ಕತ್ತಲು, ಬಾಗಿಲ ಮುಂದೆ ಬಿದ್ದ ಹಿಮವನ್ನು ಸಲಿಕೆಯಲ್ಲಿ ತೆಗೆದರೆ ಬೆಳಗಾಗುವಷ್ಟರಲ್ಲಿ ಮತ್ತೆ ಅಷ್ಟೇ ಬಿದ್ದಿರುತ್ತದೆ, ಶನಿವಾರ ಭಾನುವಾರ ಅಂಗಡಿಯ ಹುಡುಗಿ ‘ಚೀಲ ಬೇಕೇ’ ಎಂದು ಕೇಳಿದ್ದು ಬಿಟ್ಟರೆ ಒಬ್ಬರ ಮಾತೂ ಕಿವಿಗೆ ಬೀಳದ ವಾರಗಳು ಇದ್ದವು. ಮಧ್ಯಾಹ್ನದ ಊಟವನ್ನು ಮಕ್ಕಳೇ ಬಿಳಿ ಟೋಪಿ ಹಾಕಿಕೊಂಡು ಕ್ಲಾಸಿನಲ್ಲೇ ಬಡಿಸುತ್ತಾರೆ, ನೋಡಲು ಚೆಂದ. ಆದರೆ ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು, ಬರೀ ತರಕಾರಿ ಸಾರು ಎಂದು ಕಾಣುವುದರಲ್ಲೂ ಹೆಚ್ಚಾಗಿ ‘ದಾಶಿ’ ಎಂಬ ಒಣಮೀನಿನ ರಸ ಇರುತ್ತದೆ. ಊಟ ಆದ ಮೇಲೆ ಮಕ್ಕಳು ಬಟ್ಟೆ ಹಿಡಿದು ನೆಲ ಒರೆಸುತ್ತಾರೆ, ಟೀಚರುಗಳೂ ಕೈ ಹಾಕುತ್ತಾರೆ. ನಾನು ಮೊದಲ ದಿನ ನಿಂತು ನೋಡುತ್ತಿದ್ದೆ. ಎರಡನೇ ದಿನ ಯಾರೂ ಹೇಳದೆಯೇ ಒಂದು ಬಟ್ಟೆ ತೆಗೆದುಕೊಂಡೆ.

ನಿಮ್ಮ ಬರಹದಲ್ಲಿ ಬಿಟ್ಟುಹೋದದ್ದು ಎರಡಿವೆ, ಎರಡೂ ಹೊಟ್ಟೆಪಾಡಿನವು. ಒಂದು, ನನ್ನನ್ನು ಕರೆಸಿಕೊಂಡ ಕಂಪನಿ (ಹೆಸರು ಬೇಡ) ಆಗಸ್ಟಿನಲ್ಲಿ ಅರ್ಧ ಸಂಬಳ ಕೊಟ್ಟಿತು. ಜುಲೈ ಕೊನೆಯಿಂದ ಶಾಲೆಗೆ ಬೇಸಿಗೆ ರಜೆ, ಪಾಠ ಇಲ್ಲ, ಅದಕ್ಕೇ ಸಂಬಳವೂ ಅರ್ಧ. ಕೇಳಿದರೆ ಒಪ್ಪಂದದಲ್ಲಿದೆ ಎಂದರು. ಇತ್ತು ಕೂಡ, ಎಂಟನೇ ಪುಟದ ಒಂದು ಸಾಲಿನಲ್ಲಿ. ಬಾಡಿಗೆ ಮಾತ್ರ ಆಗಸ್ಟಿನಲ್ಲೂ ಪೂರ್ತಿ. ಬಾಡಿಗೆ ಮನೆಗೆ ಸೇರುವಾಗ ಹಲವು ಕಡೆ ‘ರೇಕಿನ್’ ಅಂತ ಮಾಲೀಕರಿಗೆ ಕೊಡುವ ಹಣವೂ ಇರುತ್ತದೆ, ಅದು ವಾಪಸ್ ಬರುವುದಿಲ್ಲ.

ಇನ್ನೊಂದು ನನ್ನ ಗೆಳತಿಯ ವಿಷಯ. ಅವಳ ಇಂಗ್ಲಿಷ್ ನನಗಿಂತ ಎಷ್ಟೋ ಮೇಲು, ನನ್ನ ಅರ್ಜಿಯ ತಪ್ಪು ತಿದ್ದಿದವಳೇ ಅವಳು. ನಾನು ಹೋದ ದಾರಿಯಲ್ಲಿ ಜಪಾನಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ವೀಸಾ ಬೇಕಾದರೆ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು. ಅವಳು ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಹೈಸ್ಕೂಲು 3, ಪಿಯುಸಿ 2, ಡಿಗ್ರಿ 3, ಎಂಎ 2, ಎಲ್ಲ ಸೇರಿಸಿದರೂ 10. ಅಲ್ಲಿಗೆ ಮುಗಿಯಿತು. ‘ಬಸು’ ಎಂದ ಹುಡುಗನ ಕಷ್ಟ ನನಗಿಂತ ಬೇಗ ಅವಳಿಗೆ ಅರ್ಥವಾಗುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಉಚ್ಚಾರ ತಿದ್ದುವ ಕೋರ್ಸಿಗೆ ದುಡ್ಡು ಸುರಿಯುವ ಮೊದಲು ಇಷ್ಟನ್ನಾದರೂ ನೋಡಿಕೊಳ್ಳಿ ಎಂದು ಮುಂದಿನ ವಾರದ ಪುಟದಲ್ಲಿ ಒಂದು ಚಿಕ್ಕ ಬಾಕ್ಸ್ ಹಾಕಿ: ನಿಮ್ಮ ಮಾಧ್ಯಮದ ಲೆಕ್ಕ 12 ಆಗುತ್ತದೆಯೇ, ಆಗಸ್ಟ್ ಸಂಬಳ ಎಷ್ಟು, ಹೊರಡಲು ಇನ್ನೂ ಆರು ತಿಂಗಳಿದ್ದರೆ ಜಪಾನಿ ಪಾಠ ಶುರು ಮಾಡಿದ್ದೀರಾ. ಜಾಗ ಉಳಿದರೆ ‘ತಬೆತೆ ಮಿರು’ವನ್ನೂ ಸೇರಿಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ