ಫೈಲು ಕೇಳುವವರೇ ಜಾಗ ತೋರಿಸಲಿ

ಮಾನ್ಯ ಸಂಪಾದಕರೇ,

ಸ್ಪರ್ಧೆಗೆ ವಿಡಿಯೊ ಕಳಿಸಿ, ಸ್ಮರಣ ಸಂಚಿಕೆಗೆ ಫೋಟೊ ಕಳಿಸಿ, ಹಾಡು ಮುದ್ರಿಸಿ ಕಳಿಸಿ ಎಂದು ಕರೆ ಕೊಡುವ ಪ್ರಕಟಣೆಗಳ ಕೊನೆಯಲ್ಲಿ ಬಹುತೇಕ ಒಂದು ಇಮೇಲ್ ವಿಳಾಸವಷ್ಟೇ ಇರುತ್ತದೆ. ಫೈಲು ದೊಡ್ಡದಾದರೆ ಏನು ಮಾಡುವುದು ಎಂಬುದು ಕಳಿಸುವವರ ಪಾಡು. ಒಬ್ಬರು ಡ್ರೈವ್ ಲಿಂಕ್ ಕಳಿಸುತ್ತಾರೆ, ಅದು ತೆರೆಯುವುದಿಲ್ಲ. ಇನ್ನೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತಾರೆ, ವಿಡಿಯೊ ಮಸುಕಾಗಿ ಬರುತ್ತದೆ. ಮತ್ತೊಬ್ಬರ ಲಿಂಕನ್ನು ಒಂದು ವಾರ ಬಿಟ್ಟು ಒತ್ತಿದರೆ ಅವಧಿಯೇ ಮುಗಿದಿರುತ್ತದೆ. ಆಮೇಲೆ ಎರಡೂ ಕಡೆಯವರು ಪರಸ್ಪರ ಬೈದುಕೊಳ್ಳುವುದು. ದೊಡ್ಡ ಫೈಲು ಬೇಕಾದವರೇ ಅದನ್ನು ತಂದು ಇಳಿಸುವ ಜಾಗವನ್ನೂ ತೋರಿಸಬೇಕು ಎಂಬುದು ನನ್ನ ವಾದ. ಅದು ಅರ್ಧ ಗಂಟೆಯ ಕೆಲಸ.

ಮೊದಲು ಇಮೇಲ್ ಯಾಕೆ ಆಗದು ಎಂದು ನೋಡೋಣ. ಜಿಮೇಲ್‌ನ ಅಟ್ಯಾಚ್‌ಮೆಂಟ್ ಮಿತಿ 25 ಎಂಬಿ. ಇಮೇಲ್ ಮೂಲತಃ ಅಕ್ಷರಗಳನ್ನು ಸಾಗಿಸಲು ಹುಟ್ಟಿದ ವ್ಯವಸ್ಥೆ. ಫೈಲಿನ ಪ್ರತಿ 3 ಬೈಟ್‌ಗಳನ್ನು 4 ಅಕ್ಷರಗಳಾಗಿ ಬದಲಿಸಿ ಕಳಿಸುತ್ತದೆ. ಹಾಗಾಗಿ ಫೈಲು ದಾರಿಯಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಊದಿಕೊಳ್ಳುತ್ತದೆ, 25 ಎಂಬಿ ಎನ್ನುವಲ್ಲಿ ನಿಜಕ್ಕೂ ಹಿಡಿಯುವುದು ಸುಮಾರು 18 ಎಂಬಿ. ಫೋನಿನಲ್ಲಿ ತೆಗೆದ ಒಂದೇ ನಿಮಿಷದ 4ಕೆ ವಿಡಿಯೊ 170 ಎಂಬಿ ದಾಟುವುದು ಮಾಮೂಲು. ಮಿತಿ ಮೀರಿದರೆ ಜಿಮೇಲ್ ತಾನಾಗಿಯೇ ಫೈಲನ್ನು ಕಳಿಸುವವರ ಡ್ರೈವ್‌ಗೆ ಏರಿಸಿ ಲಿಂಕ್ ಕಳಿಸುತ್ತದೆ. ಆ ಲಿಂಕಿಗೆ ಅನುಮತಿ ಕೊಟ್ಟಿಲ್ಲದಿದ್ದರೆ ಪಡೆದವರು ಅನುಮತಿ ಕೋರಬೇಕು. ಆ ಕೋರಿಕೆ ಹೋಗಿ ಕೂರುವುದು ಕಳಿಸಿದವರ ಇನ್‌ಬಾಕ್ಸ್‌ನಲ್ಲಿ. ಅವರು ಕಳಿಸಿದ್ದಾಯಿತು ಎಂದು ನಿಶ್ಚಿಂತೆಯಿಂದಿರುತ್ತಾರೆ.

ಇದಕ್ಕೆ ತಿರುಗುಮುರುಗಾದ ದಾರಿ ಇದೆ: ಪಡೆಯುವವರೇ ಲಿಂಕ್ ತಯಾರಿಸಿ ಕೊಡುವುದು. ಫೈಲುಗಳನ್ನು ಇಂಟರ್ನೆಟ್‌ನಲ್ಲಿ ಇಟ್ಟುಕೊಳ್ಳುವ ಡ್ರಾಪ್‌ಬಾಕ್ಸ್ ಸೇವೆಯಲ್ಲಿ ಇದರ ಹೆಸರು ಫೈಲ್ ರಿಕ್ವೆಸ್ಟ್. ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಫೈಲ್ ರಿಕ್ವೆಸ್ಟ್ಸ್ ಪುಟಕ್ಕೆ ಹೋಗಿ, ಹೊಸದನ್ನು ಶುರುಮಾಡಿ, ಶೀರ್ಷಿಕೆ ಕೊಟ್ಟು, ಬಂದದ್ದೆಲ್ಲ ಯಾವ ಫೋಲ್ಡರಿಗೆ ಬೀಳಬೇಕೆಂದು ತೋರಿಸಿದರೆ ಲಿಂಕ್ ಸಿದ್ಧ. ಕಳಿಸುವವರಿಗೆ ಡ್ರಾಪ್‌ಬಾಕ್ಸ್ ಖಾತೆಯೇ ಬೇಡ. ಲಿಂಕ್ ಒತ್ತಿ, ಫೈಲು ಆರಿಸಿ, ಹೆಸರು ಮತ್ತು ಇಮೇಲ್ ತುಂಬಿ ಕಳಿಸಿದರೆ ಆಯಿತು. ಬೇರೆಯವರು ಕಳಿಸಿದ್ದು ಅವರಿಗೆ ಕಾಣುವುದೂ ಇಲ್ಲ, ಅದನ್ನು ಅಳಿಸಲೂ ಬರುವುದಿಲ್ಲ. ಅಂಚೆಡಬ್ಬಿಯ ಹಾಗೆ: ಹಾಕಬಹುದು, ತೆಗೆಯಲಾಗದು.

ತೊಡಕಿರುವುದು ಜಾಗದ ಲೆಕ್ಕದಲ್ಲಿ. ಬಂದ ಫೈಲೆಲ್ಲ ಕೇಳಿದವರ ಪಾಲಿನ ಜಾಗವನ್ನು ತಿನ್ನುತ್ತದೆ, ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲಿ ಇರುವುದು 2 ಜಿಬಿ. ನಲವತ್ತು ಜನ ತಲಾ 300 ಎಂಬಿ ಕಳಿಸಿದರೆ 12 ಜಿಬಿ ಬೇಕು. ಏಳನೆಯವರಿಗೇ ಬಾಗಿಲು ಮುಚ್ಚಿರುತ್ತದೆ. ಆದ್ದರಿಂದ ಲಿಂಕ್ ಹಂಚುವ ಮುಂಚೆ ಎಷ್ಟು ಜನ, ತಲಾ ಎಷ್ಟು ಎಂದು ಗುಣಿಸಿ, ಅದರ ಮೇಲೆ ಅರ್ಧದಷ್ಟು ಸೇರಿಸಿ. ಒಂದೇ ಫೈಲನ್ನು ಎರಡೆರಡು ಸಲ ಕಳಿಸುವವರು ಎಲ್ಲ ಕಡೆಯೂ ಇರುತ್ತಾರೆ. ಕಂಪ್ಯೂಟರಿನಲ್ಲಿ ಡ್ರಾಪ್‌ಬಾಕ್ಸ್ ಆ್ಯಪ್ ಹಾಕಿಕೊಂಡಿದ್ದರೆ ಇನ್ನೊಂದು ಎಚ್ಚರ: ಬಂದ ಫೈಲುಗಳು ಸದ್ದಿಲ್ಲದೆ ಡಿಸ್ಕಿಗೂ ಇಳಿಯುತ್ತಾ ಹೋಗಬಹುದು. ಆ ಫೋಲ್ಡರನ್ನು ಆನ್‌ಲೈನ್ ಓನ್ಲಿ ಎಂದು ಗುರುತು ಮಾಡಿ.

ಗೂಗಲ್ ಬಳಸುವವರು ಗೂಗಲ್ ಫಾರ್ಮ್ಸ್‌ನಲ್ಲಿ ಫೈಲ್ ಅಪ್‌ಲೋಡ್ ಎಂಬ ಪ್ರಶ್ನೆ ಸೇರಿಸಬಹುದು. ಒಂದು ಫೈಲಿನ ಮಿತಿಯನ್ನು 1 ಎಂಬಿಯಿಂದ 10 ಜಿಬಿವರೆಗೆ, ಸಂಖ್ಯೆಯನ್ನು 1, 5 ಅಥವಾ 10 ಎಂದು ಇಡಬಹುದು. ಹೆಸರು, ವಯಸ್ಸು, ವಿಭಾಗ ಎಲ್ಲ ಜೊತೆಗೇ ಸಿಗುವುದರಿಂದ ಸ್ಪರ್ಧೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಆದರೆ ಎರಡು ಕಡೆ ಕಾಲು ಜಾರುತ್ತದೆ. ಕಳಿಸುವವರು ಗೂಗಲ್ ಖಾತೆಗೆ ಲಾಗಿನ್ ಆಗಿರಲೇಬೇಕು. ಖಾತೆ ಇಲ್ಲದವರು, ಪಾಸ್‌ವರ್ಡ್ ಮರೆತವರು ಹೊರಗೇ ಉಳಿಯುತ್ತಾರೆ. ಎರಡನೆಯದು, ಇಡೀ ಫಾರ್ಮಿಗೆ ಸೇರಿ ಒಟ್ಟು 1 ಜಿಬಿ ಎಂಬ ಮಿತಿ ಮೊದಲಿಂದಲೇ ಇರುತ್ತದೆ. ಅದು ತುಂಬಿದೊಡನೆ ಫಾರ್ಮ್ ಉತ್ತರ ಪಡೆಯುವುದನ್ನು ನಿಲ್ಲಿಸುತ್ತದೆ. ಇದನ್ನು ಹೆಚ್ಚಿಸದೆ ಫಾರ್ಮ್ ಹಂಚಿದರೆ ಕೊನೆಯ ದಿನ ಕಳಿಸುವವರಿಗೆಲ್ಲ ಕೈಕೊಟ್ಟಂತೆ.

ಒಂದೇ ಒಂದು ವಿಧಾನವನ್ನು ಮಾತ್ರ ಬೇಡವೇ ಬೇಡ ಎನ್ನುತ್ತೇನೆ, ಅದೇ ಅತಿ ಹೆಚ್ಚು ಚಾಲ್ತಿಯಲ್ಲಿದೆ. ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಲಿಂಕ್ ಇರುವ ಎಲ್ಲರಿಗೂ ಎಡಿಟರ್ ಅಧಿಕಾರ ಕೊಟ್ಟು ಗುಂಪಿನಲ್ಲಿ ಹಾಕುವುದು. ಆ ಫೋಲ್ಡರಿನಲ್ಲಿ ಎಲ್ಲರದ್ದೂ ಎಲ್ಲರಿಗೂ ಕಾಣುತ್ತದೆ. ಒಬ್ಬರ ಬೆರಳು ತಪ್ಪಿದರೆ ಇನ್ನೊಬ್ಬರ ಫೈಲು ಜಾಗ ಬಿಡುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಒಡೆತನದ್ದು. ವೈಯಕ್ತಿಕ ಡ್ರೈವ್‌ನ ಫೋಲ್ಡರಿಗೆ ಹಾಕಿದ ಫೈಲಿನ ಒಡೆಯರು ಫೋಲ್ಡರಿನವರಲ್ಲ, ಹಾಕಿದವರು. ಅದು ತಿನ್ನುವುದೂ ಅವರದೇ ಜಾಗವನ್ನು. ತಿಂಗಳ ನಂತರ ಅವರು ತಮ್ಮ ಡ್ರೈವ್ ತುಂಬಿತೆಂದು ದೊಡ್ಡ ಫೈಲುಗಳನ್ನು ಅಳಿಸಿದರೆ ನಿಮ್ಮ ಫೋಲ್ಡರಿನಿಂದಲೂ ಅದು ಹೋಯಿತು. ಶಾರ್ಟ್‌ಕಟ್ ಸೇರಿಸಿಕೊಂಡಿದ್ದೇನೆ ಎಂದು ಧೈರ್ಯವಾಗಿರುವವರೂ ಇದ್ದಾರೆ. ಶಾರ್ಟ್‌ಕಟ್ ಎಂದರೆ ಪ್ರತಿಯಲ್ಲ, ಬರಿಯ ಕೈಮರ. ಮೇಕ್ ಎ ಕಾಪಿ ಒತ್ತಿದಾಗ ಮಾತ್ರ ನಿಮ್ಮದೊಂದು ಪ್ರತಿ ಆಗುತ್ತದೆ, ಆ ಆಯ್ಕೆಯೂ ಫೋಲ್ಡರಿಗಿಲ್ಲ. ಒಳಹೊಕ್ಕು ಫೈಲುಗಳನ್ನು ಆರಿಸಿಕೊಂಡೇ ಮಾಡಬೇಕು.

ಕಚೇರಿ, ಕಾಲೇಜುಗಳ ಮೈಕ್ರೊಸಾಫ್ಟ್ ಖಾತೆ ಇದ್ದವರಿಗೆ ಒನ್‌ಡ್ರೈವ್‌ನಲ್ಲಿ ರಿಕ್ವೆಸ್ಟ್ ಫೈಲ್ಸ್ ಸಿಗುತ್ತದೆ, ಆಡಳಿತದವರು ಅದನ್ನು ಬಂದ್ ಮಾಡಿಟ್ಟಿಲ್ಲದಿದ್ದರೆ. ಸ್ವಂತ ಸರ್ವರ್ ಇರುವ ಸಂಸ್ಥೆಗಳು ಅದರಲ್ಲೇ ಹಾಕಿಕೊಳ್ಳುವ ನೆಕ್ಸ್ಟ್‌ಕ್ಲೌಡ್ ಎಂಬ ತಂತ್ರಾಂಶದ ಫೈಲ್ ಡ್ರಾಪ್ ಬಳಸಬಹುದು. ಅಲ್ಲಿ 413 ಎಂಬ ದೋಷಸಂಖ್ಯೆ ಕಂಡರೆ ಕಳಿಸುವವರ ತಪ್ಪೇನಿಲ್ಲ: ವೆಬ್ ಸರ್ವರ್ ಇಷ್ಟು ದೊಡ್ಡದು ಬೇಡ ಎಂದು ತಳ್ಳಿದೆ ಎಂದರ್ಥ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ ಆ ಮಿತಿ, ಯಾರೂ ಮುಟ್ಟದಿದ್ದರೆ, ಬರೀ 1 ಎಂಬಿ.

ಜಾಗದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಡ್ರೈವ್‌ಗೆ ಮಾತ್ರ ಅಲ್ಲ, ಜಿಮೇಲ್ ಮತ್ತು ಫೋಟೋಸ್‌ಗೂ ಸೇರಿ. ಅದು ತುಂಬಿದರೆ ಹೊಸ ಇಮೇಲ್ ಬರುವುದೇ ನಿಲ್ಲುತ್ತದೆ, ಬರೆದವರಿಗೆ ಪತ್ರ ವಾಪಸಾಗುತ್ತದೆ. ಸ್ಪರ್ಧೆಯ ವಿಡಿಯೊ ತುಂಬಿಸಿಕೊಂಡು ಕಚೇರಿಯ ಪತ್ರವ್ಯವಹಾರವೇ ನಿಲ್ಲುವುದು ಹೀಗೆ. ಫೈಲು ಪಡೆಯಲೆಂದೇ ಬೇರೆ ಖಾತೆ ತೆರೆಯುವುದು ಒಳ್ಳೆಯದು. ಅಳಿಸಿದ ಫೈಲು ಟ್ರ್ಯಾಶ್‌ನಲ್ಲಿ 30 ದಿನ ಕುಳಿತಿರುತ್ತದೆ, ಅಷ್ಟು ದಿನವೂ ಅದು ಜಾಗದ ಲೆಕ್ಕಕ್ಕೆ ಸೇರಿದ್ದೇ. ಟ್ರ್ಯಾಶ್ ಖಾಲಿ ಮಾಡಿದಾಗಲೇ ಜಾಗ ಬಿಡುವಾಗುವುದು.

ಇನ್ನು ಕಳಿಸುವವರ ಕಡೆ. ಇಂಟರ್ನೆಟ್ ವೇಗವನ್ನು ಹೇಳುವುದು ಮೆಗಾಬಿಟ್‌ನಲ್ಲಿ, ಫೈಲನ್ನು ಅಳೆಯುವುದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ 10 ಜಿಬಿ ಏರಲು 8,000 ಸೆಕೆಂಡು, ಅಂದರೆ ಎರಡೂಕಾಲು ಗಂಟೆಯ ಹತ್ತಿರ. ನಡುವೆ ಏನೂ ಕೆಡದಿದ್ದರೆ ಆ ಲೆಕ್ಕ. ಕಂಪನಿಗಳು ಜಾಹೀರಾತಿನಲ್ಲಿ ಸಾರುವುದು ಡೌನ್‌ಲೋಡ್ ವೇಗವನ್ನು, ಅಪ್‌ಲೋಡ್ ಅದಕ್ಕಿಂತ ಬಹಳ ಕಡಿಮೆ ಇರಬಹುದು. ಇಷ್ಟು ಹೊತ್ತಿನಲ್ಲಿ ಲ್ಯಾಪ್‌ಟಾಪ್ ನಿದ್ರೆಗೆ ಜಾರಿದರೆ, ಬ್ರೌಸರಿನ ಟ್ಯಾಬ್ ಮುಚ್ಚಿದರೆ ಅಪ್‌ಲೋಡ್ ನಿಂತಿತು. ಫೋನಿನ ಬ್ರೌಸರಿನಲ್ಲಂತೂ ಬೇರೆ ಆ್ಯಪ್‌ಗೆ ಹೋಗಿ ಬರುವಷ್ಟರಲ್ಲೇ ಕಡಿದುಹೋಗಿರಬಹುದು. ಚಾರ್ಜರ್ ಸಿಕ್ಕಿಸಿ, ಲ್ಯಾಪ್‌ಟಾಪ್ ನಿದ್ರೆಗೆ ಜಾರದಂತೆ ಮಾಡಿ, ಮುಗಿಯಿತು ಎಂಬ ಸಂದೇಶ ಕಣ್ಣಾರೆ ನೋಡಿ ಎಂದು ಪ್ರಕಟಣೆಯಲ್ಲೇ ಬರೆಯಬೇಕು. ಕೊನೆಯ ಗಡುವನ್ನು ಮಧ್ಯರಾತ್ರಿಗೆ ಇಡಬಾರದು. ಸಂಜೆ 5ಕ್ಕೆ ಇಟ್ಟರೆ ತೊಂದರೆಯಾದವರು ಕರೆ ಮಾಡಿ ಕೇಳಬಹುದು.

ಜಿಪ್ ಮಾಡಿದರೆ ಚಿಕ್ಕದಾಗುತ್ತದೆ ಎಂಬ ನಂಬಿಕೆಯೂ ಬಲವಾಗಿದೆ. ಎಂಪಿ4 ವಿಡಿಯೊ, ಜೆಪೆಗ್ ಫೋಟೊಗಳು ಮೊದಲೇ ಹಿಂಡಿ ತೆಗೆದವು, ಜಿಪ್‌ನಿಂದ ಅವುಗಳ ತೂಕ ಇಳಿಯದು. ನೂರು ಫೋಟೊಗಳನ್ನು ಒಂದು ಗಂಟು ಕಟ್ಟಲು ಜಿಪ್ ಸರಿ. ಸಂಪರ್ಕ ಪದೇಪದೇ ಕಡಿಯುವವರು ಸೆವೆನ್‌ಜಿಪ್‌ನಲ್ಲಿ 1 ಜಿಬಿಯ ತುಂಡುಗಳಾಗಿ ಸೀಳಿ ಕಳಿಸಬಹುದು. ಪಡೆದವರು ಎಲ್ಲ ತುಂಡುಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು 001 ಎಂದು ಕೊನೆಗೊಳ್ಳುವುದನ್ನು ಮಾತ್ರ ತೆರೆಯಬೇಕು. ಒಂದು ತುಂಡು ಬರದಿದ್ದರೂ ಪೂರ್ತಿ ಫೈಲು ಕೂಡಿಬರದು. ವಾಟ್ಸ್‌ಆ್ಯಪ್ ಬಿಟ್ಟು ಬೇರೆ ದಾರಿಯೇ ಇಲ್ಲ ಎನ್ನುವವರು ವಿಡಿಯೊವನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಲಿ. 2 ಜಿಬಿವರೆಗೆ ಮೂಲ ಗುಣಮಟ್ಟದಲ್ಲೇ ಹೋಗುತ್ತದೆ.

ಫೈಲಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಒಂದು ಸೂಕ್ಷ್ಮ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು, ಯೂನಿಕೋಡ್ ಕನ್ನಡದಲ್ಲಿ ಪ್ರತಿ ಸಂಕೇತಕ್ಕೆ 3 ಬೈಟ್. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಸ, ವಿರಾಮ (ಒತ್ತಕ್ಷರ ಕೂಡಿಸುವ ಗುರುತು), ತ, ವಿರಾಮ, ರ, ದೀರ್ಘ ಈಕಾರ ಎಂದು ಆರು ಸಂಕೇತ, 18 ಬೈಟ್. ಲಿನಕ್ಸ್ ಸರ್ವರುಗಳಲ್ಲಿ ಫೈಲಿನ ಹೆಸರು ಸಾಮಾನ್ಯವಾಗಿ 255 ಬೈಟ್ ಮೀರುವಂತಿಲ್ಲ. ಅಂದರೆ ಕನ್ನಡದ 85 ಸಂಕೇತ, ಅದರಲ್ಲೇ ಖಾಲಿ ಜಾಗ, ಎಂಪಿ4 ಎಂಬ ಬಾಲ ಎಲ್ಲ ಬರಬೇಕು. ಕಾರ್ಯಕ್ರಮ, ಊರು, ಕಲಾವಿದರ ಹೆಸರು ಎಲ್ಲ ಸೇರಿಸಿ ಉದ್ದಕ್ಕೆ ಹೆಸರಿಟ್ಟರೆ ವಿಂಡೋಸ್‌ನಲ್ಲಿ ಚೆನ್ನಾಗಿರುವ ಫೈಲನ್ನು ಅಂಥ ಸರ್ವರ್ ಒಪ್ಪುವುದಿಲ್ಲ. ಹೆಸರು ಚಿಕ್ಕದಿರಲಿ, ವಿವರ ಫಾರ್ಮಿನಲ್ಲಿರಲಿ.

ಫೈಲು ಬಂದ ಮೇಲೆ ನೋಡಬೇಕಾದ್ದು ಅದು ಪೂರ್ತಿ ಬಂದಿದೆಯೇ ಎಂದು. ಡ್ರೈವ್‌ನಿಂದ ಒಟ್ಟಿಗೆ ಹಲವನ್ನು ಇಳಿಸಿದರೆ ಅದು ಒಂದಕ್ಕಿಂತ ಹೆಚ್ಚು ಜಿಪ್‌ಗಳಾಗಿ ಬರುತ್ತದೆ, ಕೆಲವೊಮ್ಮೆ ದೊಡ್ಡ ಫೈಲು ಜಿಪ್‌ನ ಹೊರಗೆ ಬೇರೆಯಾಗಿ ಇಳಿಯುತ್ತದೆ. ಎಣಿಸಿ ನೋಡಿ. ಗಾತ್ರ ಹೋಲಿಸುವಾಗ ಜಿಬಿ ಅಲ್ಲ, ಬೈಟ್‌ಗಳ ಪೂರ್ಣ ಸಂಖ್ಯೆ ನೋಡಬೇಕು. 500 ಕೋಟಿ ಬೈಟ್‌ನ ಫೈಲನ್ನು ಮ್ಯಾಕ್ 5 ಜಿಬಿ ಎನ್ನುತ್ತದೆ, ವಿಂಡೋಸ್ 4.65 ಜಿಬಿ ಎನ್ನುತ್ತದೆ. ಮ್ಯಾಕ್‌ನದು ಸಾವಿರದ ಲೆಕ್ಕ, ವಿಂಡೋಸ್‌ನದು 1,024ರ ಲೆಕ್ಕ. ಫೈಲು ಅರ್ಧಕ್ಕೇ ಕತ್ತರಿಸಿಹೋಯಿತು ಎಂದು ಮತ್ತೆ ಕಳಿಸಿ ಎನ್ನುವ ಎಷ್ಟೋ ಜಗಳಗಳ ಮೂಲ ಇಷ್ಟೇ. ಮಹತ್ವದ ಫೈಲಾದರೆ ಎರಡೂ ಕಡೆ ಶಾ-256 ಮೊತ್ತ (ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕಹಾಕಿ ತೆಗೆಯುವ, ಬೆರಳಚ್ಚಿನಂಥ ಸಂಕೇತ) ತೆಗೆದು ಹೋಲಿಸಬಹುದು. 64 ಅಕ್ಷರಗಳ ಆ ಸಾಲು ತಾಳೆಯಾದರೆ ಒಂದು ಬಿಟ್ ಕೂಡ ಬದಲಾಗಿಲ್ಲ ಎಂದು ನಂಬಬಹುದು.

ಇಳಿಸಿದ್ದನ್ನು ಪೆನ್‌ಡ್ರೈವ್‌ಗೆ ಹಾಕುವಾಗ 64 ಜಿಬಿಯ ಡ್ರೈವ್ ಖಾಲಿ ಇದ್ದರೂ 5 ಜಿಬಿಯ ಫೈಲು ಹೋಗದೆ ಇರಬಹುದು. ಅದು ಫ್ಯಾಟ್32 ಮಾದರಿಯಲ್ಲಿದ್ದರೆ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ, ಅದರಲ್ಲಿದ್ದದ್ದನ್ನು ಮೊದಲು ಬೇರೆಡೆ ಉಳಿಸಿಕೊಂಡು.

ಊರಿಗೆಲ್ಲ ಕೊಟ್ಟ ಅಪ್‌ಲೋಡ್ ಲಿಂಕಿಗೆ ಯಾರು ಏನನ್ನಾದರೂ ಹಾಕಬಹುದು ಎಂಬುದನ್ನು ಮರೆಯಬಾರದು. ಗೂಗಲ್ ಡ್ರೈವ್ 100 ಎಂಬಿ ಮೀರಿದ ಫೈಲುಗಳಲ್ಲಿ ವೈರಸ್ ಹುಡುಕುವುದಿಲ್ಲ, ಪಾಸ್‌ವರ್ಡ್ ಹಾಕಿದ ಜಿಪ್‌ನೊಳಗೆ ಇಣುಕಲು ಯಾವ ತಪಾಸಣೆಗೂ ಸುಲಭವಲ್ಲ. ವಿಂಡೋಸ್ ಫೈಲಿನ ಬಾಲವನ್ನು ಬಚ್ಚಿಡುವುದರಿಂದ ‘ಫೋಟೊ.ಜೆಪಿಜಿ.ಇಎಕ್ಸ್‌ಇ’ ಎಂಬುದು ಫೋಟೊದಂತೆಯೇ ಕಾಣುತ್ತದೆ. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ತೋರಿಸುವಂತೆ ಮಾಡಿಟ್ಟುಕೊಂಡೇ ತೆರೆಯಲು ಕೂರಬೇಕು. ಗಡುವು ಮುಗಿದ ದಿನವೇ ರಿಕ್ವೆಸ್ಟ್ ಮುಚ್ಚಬೇಕು.

ಸಂಪಾದಕರಲ್ಲಿ ನನ್ನ ಕೋರಿಕೆ ಇದು. ಇಂಥ ಪ್ರಕಟಣೆಗಳನ್ನು ಅಚ್ಚು ಮಾಡುವಾಗ ಈ ನಾಲ್ಕು ಸಾಲಿಗೆ ಜಾಗ ಕೊಡಿ, ಇಲ್ಲದಿದ್ದರೆ ಕೇಳಿ ಹಾಕಿಸಿ: “ವಿಡಿಯೊವನ್ನು ಈ ಲಿಂಕಿನಲ್ಲೇ ಹಾಕಿ, ಖಾತೆ ಬೇಕಿಲ್ಲ. ಒಂದೇ ಫೈಲು, ಎಂಪಿ4, 1 ಜಿಬಿ ಒಳಗೆ. ಲಿಂಕ್ 20ನೇ ತಾರೀಕು ಸಂಜೆ 5ಕ್ಕೆ ಮುಚ್ಚುತ್ತದೆ. ತಲುಪಿತು ಎಂದು ನಮ್ಮಿಂದ ಉತ್ತರ ಬರುವವರೆಗೆ ಮೂಲ ಫೈಲನ್ನು ಅಳಿಸಬೇಡಿ.”

ಲಿಂಕನ್ನು ಬರೀ ಅಕ್ಷರದಲ್ಲಿ ಅಚ್ಚು ಮಾಡಿದರೆ ಪ್ರಯೋಜನ ಕಡಿಮೆ. ಡ್ರಾಪ್‌ಬಾಕ್ಸ್, ಗೂಗಲ್ ಲಿಂಕುಗಳಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಅಚ್ಚಿನಲ್ಲಿ ದೊಡ್ಡ ಐ, ಸಣ್ಣ ಎಲ್, ಅಂಕಿ 1 ಮೂರೂ ಒಂದೇ ಕಡ್ಡಿಯಂತೆ ಕಾಣುತ್ತವೆ. ಕಾಲಂ ಸಾಲದೆ ಸಾಲು ಮುರಿದಾಗ ಪುಟ ವಿನ್ಯಾಸದವರು ಹಾಕುವ ಅಡ್ಡಗೆರೆಯನ್ನೂ ಓದುಗರು ಲಿಂಕಿನ ಭಾಗವೆಂದೇ ಟೈಪ್ ಮಾಡುತ್ತಾರೆ. ಎರಡು ಸೆಂಟಿಮೀಟರ್ ಅಗಲದ ಕ್ಯೂಆರ್ ಕೋಡ್ ಹಾಕಿ, ಪಕ್ಕದಲ್ಲಿ ಚಿಕ್ಕ ಲಿಂಕ್ ಕೊಡಿ. ಪುಟ ಅಚ್ಚಿಗೆ ಹೋಗುವ ಮುನ್ನ ಕರಡಿನ ಮೇಲೆ ಫೋನ್ ಹಿಡಿದು ಒಮ್ಮೆ ತೆರೆದು ನೋಡಿ, ನಿಮ್ಮ ಖಾತೆಯಿಂದ ಹೊರಬಂದು.

ಇಂತಿ,
ಒಬ್ಬ ಓದುಗ