ಸೆಲ್‌ಗೆ ಬೈಯುವ ಮೊದಲು ಚಾರ್ಜರ್ ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ರೀಚಾರ್ಜೆಬಲ್ ಪೆನ್ಸಿಲ್ ಸೆಲ್ ಸುಮ್ನೆ ದುಡ್ಡು ದಂಡ, ವರ್ಷ ತುಂಬುವ ಮೊದಲೇ ಸತ್ತು ಹೋಗುತ್ತದೆ ಎಂದು ಬರೆದಿದ್ದರು. ಅವರ ಬೇಸರ ನನಗೆ ಗೊತ್ತು. ಎರಡು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನನ್ನ ಮನೆಯಲ್ಲಿ ತಪ್ಪು ಮಾಡಿದ್ದು ಸೆಲ್ ಅಲ್ಲ, ಚಾರ್ಜರ್. ಅದನ್ನು ಹೇಳಲೆಂದೇ ಈ ಪತ್ರ.

ನನ್ನ ಅಮ್ಮನಿಗೆ 86 ವರ್ಷ. ದಿನಕ್ಕೆ ಎರಡು ಸಲ ಬಿಪಿ ನೋಡಬೇಕು. ಮಷೀನಿಗೆ ನಾಲ್ಕು ಸೆಲ್. ಪ್ರತಿ ಸಲ ಹೊಸದು ತರುವುದೇಕೆ ಎಂದು ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ನಾಲ್ಕು ರೀಚಾರ್ಜೆಬಲ್ ಸೆಲ್ ತಂದೆ. ಜೊತೆಗೆ ಒಂದು ಚಾರ್ಜರ್ ಪುಕ್ಕಟೆ ಬಂತು. ಅದರಲ್ಲಿ ಎರಡು ಕೆಂಪು ದೀಪ. ಪ್ಲಗ್ ಹಾಕಿದರೆ ಉರಿಯುತ್ತದೆ, ತೆಗೆದರೆ ಆರುತ್ತದೆ. ಸೆಲ್ ತುಂಬಿತೋ ಇಲ್ಲವೋ, ಏನೂ ಹೇಳುವುದಿಲ್ಲ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುತ್ತಿದ್ದೆ. ಕೆಲವು ಸಲ ಸೆಲ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರುತ್ತಿತ್ತು. ವರ್ಷದೊಳಗೆ ಮಷೀನು ನಾಲ್ಕೇ ದಿನಕ್ಕೆ ಬ್ಯಾಟರಿ ಮುಗಿಯಿತು ಎನ್ನತೊಡಗಿತು. ಮತ್ತೆ ನಾಲ್ಕು ತಂದೆ. ಅವಕ್ಕೂ ಅದೇ ಗತಿ. ಒಂದು ಬೆಳಿಗ್ಗೆ ಅಮ್ಮನಿಗೆ ತಲೆ ತಿರುಗುತ್ತಿದ್ದಾಗ ಮಷೀನು ಅರ್ಧ ಗಾಳಿ ತುಂಬಿ ನಿಂತುಬಿಟ್ಟಿತು. ಆ ದಿನದ ಹೆದರಿಕೆ ಇನ್ನೂ ಮರೆತಿಲ್ಲ.

ನಾನು ಮುಂಬಯಿಯ ಮುನಿಸಿಪಾಲಿಟಿ ಕನ್ನಡ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು. ಕಾರಣ ತಿಳಿಯದೆ ಬಿಡುವ ಅಭ್ಯಾಸ ಇಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ವೋಲ್ಟೇಜ್ ಅಳೆಯುವ ಒಂದು ಮೀಟರ್ ತಂದೆ, ಸೆಲ್ ತುಂಬಿದಾಗ ತಾನೇ ನಿಲ್ಲುವ ಒಂದು ಸ್ಮಾರ್ಟ್ ಚಾರ್ಜರ್ ಕೂಡ. ಸೆಲ್‌ಗಿಂತ ಚಾರ್ಜರ್‌ಗೆ ಜಾಸ್ತಿ ಕೊಡುವುದೇ ಎಂದು ಮೊದಲು ಅನಿಸಿತ್ತು. ಈಗ ಅನಿಸುವುದಿಲ್ಲ.

ಚಿಕ್ಕಂದಿನಲ್ಲಿ ನಾವು ಪರೇಲಿನ ಚಾಳಿನಲ್ಲಿದ್ದೆವು. ನೀರು ಬರುತ್ತಿದ್ದದ್ದು ನಸುಕಿನಲ್ಲಿ. ಕೊಡಪಾನ ನಲ್ಲಿಗೆ ಹಿಡಿದರೆ, ತುಂಬುತ್ತ ಬಂದಂತೆ ನೀರಿನ ಸದ್ದು ಬದಲಾಗುತ್ತದೆ ಅಲ್ವಾ? ಅಮ್ಮ ಒಳಗೆ ದೋಸೆ ಹೊಯ್ಯುತ್ತಲೇ ಆ ಸದ್ದು ಕೇಳಿ, 'ತುಂಬಿತು, ನಲ್ಲಿ ನಿಲ್ಲಿಸು ಮಗಾ' ಎನ್ನುತ್ತಿದ್ದಳು. ಸ್ಮಾರ್ಟ್ ಚಾರ್ಜರ್ ಮಾಡುವ ಕೆಲಸವೂ ಅದೇ. ಸೆಲ್ ಒಳಗೆ ಅದಕ್ಕೆ ಕಾಣುವುದಿಲ್ಲ. ಹೊರಗಿನಿಂದ ವೋಲ್ಟೇಜ್ ಗಮನಿಸುತ್ತ ಕೂರುತ್ತದೆ.

ನಮ್ಮ ಮನೆಗಳಲ್ಲಿರುವ ಹೆಚ್ಚಿನ ರೀಚಾರ್ಜೆಬಲ್ ಪೆನ್ಸಿಲ್ ಸೆಲ್ ನಿಕೆಲ್ ಮೆಟಲ್ ಹೈಡ್ರೈಡ್ ಜಾತಿಯವು. ಮೇಲೆ 1.2 ವೋಲ್ಟ್ ಎಂದು ಬರೆದಿರುತ್ತದೆ. ಚಾರ್ಜ್ ಆಗುತ್ತ ಅದರ ವೋಲ್ಟೇಜ್ ನಿಧಾನವಾಗಿ ಏರಿ ಒಂದೂವರೆ ವೋಲ್ಟ್ ಹತ್ತಿರ ಬರುತ್ತದೆ. ತುಂಬಿದ ಮೇಲೂ ಕರೆಂಟ್ ಕೊಟ್ಟರೆ ಅದನ್ನು ಇಟ್ಟುಕೊಳ್ಳಲು ಒಳಗೆ ಜಾಗವಿಲ್ಲ. ಆಗ ಒಳಗಿನ ಒಂದು ತಗಡಿನಲ್ಲಿ ಆಮ್ಲಜನಕ ಹುಟ್ಟುತ್ತದೆ. ಅದು ಇನ್ನೊಂದು ತಗಡಿಗೆ ಹೋಗಿ ಮತ್ತೆ ಸೇರಿಕೊಳ್ಳುತ್ತದೆ, ಸೇರುವಾಗ ಶಾಖ ಬಿಡುತ್ತದೆ. ಸೆಲ್ ಬಿಸಿಯಾದ ಕೂಡಲೇ ವೋಲ್ಟೇಜ್ ಒಂದು ಚೂರು ಇಳಿಯುತ್ತದೆ. ಎಷ್ಟು ಗೊತ್ತಾ? ಕೆಲವೇ ಮಿಲಿವೋಲ್ಟ್. ಒಂದು ವೋಲ್ಟನ್ನು 1000 ಪಾಲು ಮಾಡಿದರೆ ಅದರಲ್ಲಿ ಐದೋ ಹತ್ತೋ ಪಾಲು. ಆ ಸಣ್ಣ ಇಳಿತ ಕಂಡೊಡನೆ ಚಾರ್ಜರಿನ ಚಿಪ್ ಕರೆಂಟ್ ನಿಲ್ಲಿಸುತ್ತದೆ. ಎಷ್ಟು ಸೂಕ್ಷ್ಮ ಕೆಲಸ ನೋಡಿ! ಮೊದಲ ಸಲ ಇದು ಅರ್ಥವಾದಾಗ ಮತ್ತೆ ಕ್ಲಾಸಿಗೆ ಹೋಗಿ ಮಕ್ಕಳಿಗೆ ಹೇಳಬೇಕು ಅನಿಸಿತು.

ಆ ಇಳಿತ ಕಾಣದೆ ಹೋದರೆ? ಒಳ್ಳೆಯ ಚಾರ್ಜರಿನಲ್ಲಿ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ, ಕೊನೆಗೆ ಟೈಮರ್ ಕೂಡ ಇರುತ್ತದೆ. ಇನ್ನೊಂದು ಮಾತು. ತೀರಾ ಕಡಿಮೆ ಕರೆಂಟಿನಲ್ಲಿ ಚಾರ್ಜ್ ಮಾಡಿದರೆ ಸೆಲ್ ಬಿಸಿಯೇ ಆಗುವುದಿಲ್ಲ, ಇಳಿತವೂ ಚಾರ್ಜರ್‌ಗೆ ಸಿಗುವುದಿಲ್ಲ. ಹಾಗಾಗಿ ನಿಧಾನ ಮಾಡಿದಷ್ಟೂ ಒಳ್ಳೆಯದು ಎಂಬುದು ಇಲ್ಲಿ ಪೂರ್ತಿ ನಿಜವಲ್ಲ. 2000 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಸೆಲ್‌ಗೆ ನಾನು 1000 ಮಿಲಿಆಂಪ್ ಕರೆಂಟ್ ಇಡುತ್ತೇನೆ. ಎರಡು ಗಂಟೆ ಚಿಲ್ಲರೆಗೆ ತುಂಬುತ್ತದೆ. ಕೊನೆಯಲ್ಲಿ ಬೆಚ್ಚಗಾಗುವುದು ಸಹಜ. ಸುಡುವುದು ಸಹಜವಲ್ಲ.

ನನ್ನ ಹಳೆಯ ಚಾರ್ಜರ್ ಎರಡೆರಡು ಸೆಲ್‌ಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿ ಚಾರ್ಜ್ ಮಾಡುತ್ತಿತ್ತು. ಒಂದು ಅರ್ಧ ತುಂಬಿದ್ದು, ಇನ್ನೊಂದು ಪೂರ್ತಿ ಖಾಲಿ ಎಂದುಕೊಳ್ಳಿ. ಎರಡಕ್ಕೂ ಅದೇ ಕರೆಂಟ್, ಅಷ್ಟೇ ಹೊತ್ತು. ಮೊದಲನೆಯದು ತುಂಬಿ ಬೇಯುತ್ತದೆ, ಎರಡನೆಯದು ಅರೆಹೊಟ್ಟೆಯಲ್ಲಿ ಏಳುತ್ತದೆ. ಅವೇ ಎರಡು ಮತ್ತೆ ಬಿಪಿ ಮಷೀನಿಗೆ ಹೋದರೆ ಸೊರಗಿದ್ದು ಮೊದಲು ಖಾಲಿಯಾಗುತ್ತದೆ. ಉಳಿದವು ಅದರೊಳಗೆ ಕರೆಂಟನ್ನು ತಿರುಗಾಮುರುಗಾ ತಳ್ಳಿ ಅದನ್ನು ಹಾಳು ಮಾಡುತ್ತವೆ. ಸ್ಮಾರ್ಟ್ ಚಾರ್ಜರಿನಲ್ಲಿ ಸೆಲ್ ಕೂರುವ ಪ್ರತಿ ಮನೆಗೂ ಬೇರೆ ಲೆಕ್ಕ. ತುಂಬಿದ್ದು ನಿಲ್ಲುತ್ತದೆ, ಪಕ್ಕದ್ದು ಮುಂದುವರಿಯುತ್ತದೆ.

ಸತ್ತವೆಂದು ಡಬ್ಬಿಯಲ್ಲಿ ಹಾಕಿಟ್ಟಿದ್ದ ಎಂಟೂ ಸೆಲ್ ತೆಗೆದು ನೋಡಿದೆ. ಮೂರನ್ನು ಚಾರ್ಜರ್ ಬೇಡವೆಂದಿತು. ಉಳಿದ ಐದನ್ನು ಮೂರು ಸಲ ಖಾಲಿ ಮಾಡಿ ತುಂಬಿಸಿದೆ. ನಾಲ್ಕು 1500 ಎಂಎಎಚ್ ದಾಟಿದವು. ಅಮ್ಮನ ಮಷೀನಿನಲ್ಲಿ ಈಗ ಇರುವುದು ಅವೇ. ನಾಲ್ಕರ ಮೇಲೂ ಮಾರ್ಕರ್‌ನಿಂದ 'ಕ' ಎಂದು ಬರೆದಿದ್ದೇನೆ. ಹೊಸ ಜೊತೆಗೆ 'ಖ'. ಒಂದರ ಜೊತೆ ಇನ್ನೊಂದು ಬೆರೆಸುವುದಿಲ್ಲ. ನಿಮ್ಮ ಮಷೀನಿನ ಪುಸ್ತಕದಲ್ಲಿ ರೀಚಾರ್ಜೆಬಲ್ ಬೇಡ ಎಂದಿದ್ದರೆ ಮಾತ್ರ ದಯವಿಟ್ಟು ಹಾಕಬೇಡಿ.

ಎಲ್ಲದಕ್ಕೂ ರೀಚಾರ್ಜೆಬಲ್ ಬೇಕೆಂದು ನಾನು ಹೇಳುತ್ತಿಲ್ಲ. ಗೋಡೆ ಗಡಿಯಾರಕ್ಕೆ ಮಾಮೂಲಿ ಸೆಲ್ಲೇ ಸಾಕು, ವರ್ಷ ನಡೆಯುತ್ತದೆ. ಆದರೆ ಆ ಮಾಮೂಲಿ ಸೆಲ್ಲನ್ನು ಯಾವತ್ತೂ ಚಾರ್ಜರ್‌ಗೆ ಹಾಕಬೇಡಿ, ಸೋರುತ್ತದೆ, ಒಡೆಯಲೂಬಹುದು. ಇದೇ ಅಳತೆಯಲ್ಲಿ 3.7 ವೋಲ್ಟಿನ ಲಿಥಿಯಂ ಸೆಲ್ ಕೂಡ ಸಿಗುತ್ತದೆ. ಅದರ ಚಾರ್ಜಿಂಗ್ ಕ್ರಮವೇ ಬೇರೆ. ನೋಡಲು ಒಂದೇ ತರ ಇದೆಯೆಂದು ಈ ಚಾರ್ಜರಿನಲ್ಲಿ ತುರುಕಿದರೆ ಬೆಂಕಿ ಹತ್ತಬಹುದು. ಮೇಲೆ ಬರೆದಿರುವ ವೋಲ್ಟ್ ಓದಿ.

ಇಟ್ಟಲ್ಲೇ ಖಾಲಿಯಾಗುತ್ತದೆ ಎಂದೂ ಆ ಓದುಗರು ಬರೆದಿದ್ದರು. ಹಳೆಯ ಸೆಲ್‌ಗಳಲ್ಲಿ ಅದು ನಿಜ. 2005ರಲ್ಲಿ ಜಪಾನಿನ ಸ್ಯಾನ್ಯೋ ಕಂಪನಿ ಎನೆಲೂಪ್ ಎಂಬ ಸೆಲ್ ತಂದ ಮೇಲೆ ಆ ಕಷ್ಟ ಬಹಳ ಕಡಿಮೆಯಾಯಿತು. ಈಗ ಬೇರೆ ಕಂಪನಿಯವರೂ ಅಂಥ ಸೆಲ್ ಮಾಡುತ್ತಾರೆ. ವರ್ಷ ಇಟ್ಟರೂ ಚಾರ್ಜಿನ ಹೆಚ್ಚಿನ ಪಾಲು ಉಳಿದಿರುತ್ತದೆ.

ಅಂಗಡಿಯವರಲ್ಲಿ ನನ್ನದೊಂದು ವಿನಂತಿ. ಪುಕ್ಕಟೆ ಚಾರ್ಜರ್ ಕೊಡುವಾಗ ಅದು ತಾನಾಗಿ ನಿಲ್ಲುತ್ತದೋ ಇಲ್ಲವೋ ಹೇಳಿ. ಕಂಪನಿಗಳು ಡಬ್ಬದ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಲಿ. ಕೊಳ್ಳುವವರು ಎರಡೇ ಪ್ರಶ್ನೆ ಕೇಳಿ: ಒಂದೊಂದು ಸೆಲ್ಲನ್ನೂ ಬೇರೆ ಬೇರೆ ನೋಡುತ್ತದಾ? ತುಂಬಿದ ಮೇಲೆ ತಾನೇ ನಿಲ್ಲುತ್ತದಾ?

ನಿಜವಾಗಿ ಸತ್ತ ಸೆಲ್‌ಗಳನ್ನು ವಾಪಸ್ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮ ತಯಾರಕರ ಮೇಲೆ ಹಾಕಿದೆ. ಆದರೂ ನಮ್ಮ ಸೊಸೈಟಿಯಲ್ಲಿ ಅವು ಒಣ ಕಸದ ಜೊತೆಗೇ ಹೋಗುತ್ತಿವೆ. ಅದಕ್ಕೆ ನಮ್ಮ ಭಜನಾ ಮಂಡಳಿಯಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಶನಿವಾರದ ಭಜನೆಗೆ ಬರುವವರು ಮನೆಯಲ್ಲಿ ಮೂಲೆಗೆ ಬಿದ್ದ ರೀಚಾರ್ಜೆಬಲ್ ಸೆಲ್ ಇದ್ದರೆ ತನ್ನಿ. ಚಾರ್ಜರ್ ನನ್ನ ಚೀಲದಲ್ಲೇ ಇರುತ್ತದೆ. ಹಾಕಿ ನೋಡೋಣ, ಬದುಕಿದ್ದನ್ನು ನೀವು ವಾಪಸ್ ಒಯ್ಯಿರಿ, ಉಳಿದದ್ದನ್ನು ನಾನು ಇ-ಕಸ ಪಡೆಯುವವರಿಗೆ ಮುಟ್ಟಿಸುತ್ತೇನೆ.

ನಿವೃತ್ತ ಶಿಕ್ಷಕಿ,
ಡೊಂಬಿವಲಿ ಪೂರ್ವ