ಥೀಸಿಸ್ ಮುಗಿಯಿತು, ಅಕ್ಕಾ

ಮೊನ್ನೆ ವೈವಾ ಆಯಿತು. ಪಾಚಿಯ ಹಾಗೆ ಒದ್ದೆ ನೆಲಕ್ಕೆ ಅಂಟಿ ಬೆಳೆಯುವ ಪುಟ್ಟ ಗಿಡಗಳಾದ ಲಿವರ್‌ವರ್ಟ್‌ಗಳ ಒಳಗೆ ಬದುಕುವ ಶಿಲೀಂಧ್ರಗಳ ಮೇಲಿನ ನನ್ನ ಥೀಸಿಸ್ ಪಾಸಾಗಿದೆ. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡಲು ಆಗಲಿಲ್ಲ, ಗಂಟಲು ಕಟ್ಟುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಡುವಿನ ಆ ಕೆಟ್ಟ ವರ್ಷ ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಗೈಡ್, ಅಪ್ಪ, ತಮ್ಮ, ಲ್ಯಾಬಿನ ಗೆಳೆಯರು, ಎಲ್ಲರಿಗೂ ಕೈಮುಗಿಯುತ್ತೇನೆ. ಆದರೆ ಜಾಸ್ತಿ ಬರೆಯಬೇಕಿರುವುದು ನಮ್ಮ ಸೀನಿಯರ್ ಅಕ್ಕನ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾರೆ. ಲ್ಯಾಬಿನವರಿಗೆ ಹೇಳಬೇಕಾಗಿಲ್ಲ ಅಲ್ವಾ?

ಗಿಡ ಬೆಳೆಸುವ ಗ್ರೋತ್ ಚೇಂಬರ್ ಕೆಟ್ಟ ರಾತ್ರಿ ಅದು. ಒಳಗೆಲ್ಲ ನೀರಿಳಿದಿತ್ತು. ಶಿಲೀಂಧ್ರದ ಸೋಂಕಿಲ್ಲದೆ ಬೆಳೆಸಿದ್ದ ಮಾರ್ಕಾಂಷಿಯಾ ಪೇಲಿಯೇಸಿಯಾ ಎಂಬ ಲಿವರ್‌ವರ್ಟ್‌ನ ತಟ್ಟೆಗಳಿಗೆ ಹಸಿರು ಬೂಷ್ಟು ಹಿಡಿದಿತ್ತು. ಲಿವರ್‌ವರ್ಟ್‌ಗೆ ಬೇರಿಲ್ಲ, ಒಂದೇ ಕೋಶದ ಕೂದಲಿನಂಥ ರೈಜಾಯ್ಡ್‌ಗಳಷ್ಟೇ. ನನ್ನ ಥೀಸಿಸಿನ ಶಿಲೀಂಧ್ರ ಅವುಗಳ ಮೂಲಕ ಒಳಗೆ ಬಂದು, ಕೋಶಗಳಲ್ಲಿ ಕವಲೊಡೆದು, ಮಣ್ಣಿನ ರಂಜಕ ತಂದುಕೊಡುತ್ತದೆ. ಬದಲಿಗೆ ಸಕ್ಕರೆ, ಕೊಬ್ಬು ಪಡೆಯುತ್ತದೆ. ಸ್ಕಾಟ್ಲೆಂಡಿನ ರೈನಿಯಲ್ಲಿ ಸಿಕ್ಕ, ಸುಮಾರು 40 ಕೋಟಿ ವರ್ಷ ಹಳೆಯ ಬೇರಿಲ್ಲದ ಗಿಡಗಳ ಪಳೆಯುಳಿಕೆಯಲ್ಲೂ ಇಂಥದೇ ಕವಲುಗಳಿವೆ. ಪೇಲಿಯೇಸಿಯಾದ ಹತ್ತಿರದ ನೆಂಟ ಮಾರ್ಕಾಂಷಿಯಾ ಪಾಲಿಮಾರ್ಫಾ ಮಾತ್ರ ಈ ಜೊತೆಯನ್ನೇ ಬಿಟ್ಟಿದೆ, ಅದಕ್ಕೆ ಬೇಕಾದ ಜೀನ್‌ಗಳೂ ಕಳೆದುಹೋಗಿವೆ. ಶಿಲೀಂಧ್ರ ಬಂದರೆ ಪೇಲಿಯೇಸಿಯಾದಲ್ಲಿ ಏನು ಬದಲಾಗುತ್ತದೆ ಅಂತ ಹೇಳಬೇಕಾದರೆ, ಶಿಲೀಂಧ್ರ ಇಲ್ಲದ ಗಿಡ ಪಕ್ಕದಲ್ಲಿ ಇರಲೇಬೇಕು. ಆ ಗಿಡಗಳೇ ಹೋಗಿದ್ದವು.

ನಾನು ನೆಲದ ಮೇಲೆ ಕೂತು ಅತ್ತೆ. ಅಮ್ಮ ಹೋದಾಗ ಹೊರಗೆ ಬರದಿದ್ದ ಅಳುವೆಲ್ಲ ಆಗ ಬಂತು. ಬೇಡ ಅಕ್ಕ, ಬಿಟ್ಟುಬಿಡ್ತೀನಿ ಅಂದೆ.

ಅಕ್ಕ ಸಮಾಧಾನದ ಮಾತು ಆಡಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತರು. ಆಮೇಲೆ, "ಮುಖ ತೊಳ್ಕೊಂಡು ಬಾ. ಯಾವ ಬಟ್ಟಲು ಉಳಿದಿದೆ ನೋಡೋಣ," ಅಂದರು. ಆಗ ಅವರೇ ತಮ್ಮ ಥೀಸಿಸ್ ಬರೆಯುತ್ತಿದ್ದರು, ಕೊಡುವ ದಿನ ಹತ್ತಿರ ಬಂದಿತ್ತು.

ಈ ಗಿಡದ ಮೇಲೆ ಪುಟ್ಟ ಪುಟ್ಟ ಬಟ್ಟಲುಗಳು ಇರುತ್ತವೆ. ಒಳಗೆ ಜೆಮ್ಮಾ ಎಂಬ ಹಸಿರು ಬಿಲ್ಲೆಗಳು, ಒಂದು ಮಿಲಿಮೀಟರಿಗಿಂತ ಚಿಕ್ಕವು. ಒಂದೊಂದೂ ಒಂದು ಗಿಡವಾಗಬಲ್ಲದು. ಬೂಷ್ಟು ಮುಟ್ಟದ ಬಟ್ಟಲು ಹುಡುಕಿ, ಸೂಜಿಯ ತುದಿಯಲ್ಲಿ ಬಿಲ್ಲೆ ಎತ್ತಿ, ತೆಳು ಬ್ಲೀಚಿನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ತೊಳೆದು ಹೊಸ ಅಗಾರ್ (ಗಿಡ ಬೆಳೆಸುವ ಜೆಲ್ಲಿ) ಮೇಲೆ ಇಡುತ್ತಾ ಹೋದರು. ನನ್ನ ಕೈ ನಡುಗುತ್ತಿತ್ತು. "ನೀನು ಚೀಟಿ ಬರಿ, ಸಾಕು," ಅಂದರು. ಬೆಳಗಾಗುವ ಹೊತ್ತಿಗೆ ಸೂಜಿ ನನ್ನ ಕೈಗೆ ಕೊಟ್ಟರು. ಆಗ ನಡುಕ ನಿಂತಿತ್ತು.

ಅವುಗಳಲ್ಲಿ ಬದುಕಿದವೇ ನನ್ನ ಮೂರನೇ ಅಧ್ಯಾಯ. ಶಿಲೀಂಧ್ರ ಕೊಟ್ಟ ಗಿಡಗಳ ನಡುನರದ ಉದ್ದಕ್ಕೂ ನೇರಳೆ ಬಣ್ಣ ಕಾಣಿಸಿತು, ಕೊಡದವು ಹಸಿರಾಗೇ ಇದ್ದವು. ನೋಡಿದ ತಕ್ಷಣ ಫೋನ್ ಮಾಡಿದ್ದು ಅಕ್ಕನಿಗೆ. "ಮೊದಲು ಫೋಟೊ ತೆಗಿ," ಅಂದರು.

ಅಕ್ಕಾ, ಆ ರಾತ್ರಿ ನೀವು ಮನೆಗೆ ಹೋಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಹೋಗಲಿಲ್ಲ. ನಾನು ಮರೆಯುವುದಿಲ್ಲ.

ಆ ತಳಿ ಈಗಲೂ ಚೆನ್ನಾಗಿದೆ. ಕೆಲಸಕ್ಕೆ ಬೇಕಾದವರು ಕೇಳಿ, ಕಳಿಸಿಕೊಡುತ್ತೇನೆ.